ಉರಿಮೂತ್ರದ ಮದ್ದು ಸೋತ ಬಗೆ

ಮೂತ್ರನಾಳದ ಸೋಂಕಿನ ನಾಲ್ಕು ಪ್ರಕರಣಗಳಲ್ಲಿ ಸುಮಾರು ಮೂರಕ್ಕೆ ಇ. ಕೋಲಿ ಬ್ಯಾಕ್ಟೀರಿಯಾವೇ ಕಾರಣ. ಕರುಳಿನಲ್ಲಿ ಯಾರಿಗೂ ತೊಂದರೆ ಕೊಡದೆ ಇರುವ ಇದು ಮೂತ್ರಕೋಶ ಹೊಕ್ಕರೆ ಉರಿಮೂತ್ರ, ಕಿಬ್ಬೊಟ್ಟೆ ನೋವು, ಗಳಿಗೆಗೊಮ್ಮೆ ಅವಸರ ಶುರು. ಹೆಂಗಸರ ಮೂತ್ರನಾಳ ಗಿಡ್ಡ. ಅವರಿಗೇ ಕಾಟ ಹೆಚ್ಚು.

ಇದಕ್ಕೆ ಮದ್ದಾಗಿ 1950ರ ದಶಕದಲ್ಲಿ ನೈಟ್ರೊಫ್ಯುರಂಟಾಯಿನ್, 60ರ ದಶಕದಲ್ಲಿ ಟ್ರೈಮೆಥೊಪ್ರಿಮ್ ಬಳಕೆಗೆ ಬಂದವು. ಮಲೇರಿಯಾದ ಕ್ಲೋರೊಕ್ವಿನ್ ತಯಾರಿಕೆಯ ಜಾಡಿನಲ್ಲೇ ಸಂಶೋಧಕ ಜಾರ್ಜ್ ಲೆಷರ್ ತಂಡಕ್ಕೆ ನ್ಯಾಲಿಡಿಕ್ಸಿಕ್ ಆಮ್ಲ ಸಿಕ್ಕಿದ್ದು 1962ರಲ್ಲಿ. 80ರ ದಶಕದಲ್ಲಿ ಬಂದ ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಅದೇ ವಂಶದವು. ಬ್ಯಾಕ್ಟೀರಿಯಾದ ಡಿಎನ್‌ಎ ಸುರುಳಿಯನ್ನು ನಿಭಾಯಿಸುವ ಗೈರೇಸ್ ಎಂಬ ಕಿಣ್ವವನ್ನು ಸಿಪ್ರೊ ಹಿಡಿದು ನಿಲ್ಲಿಸುತ್ತದೆ. ಆ ಕಿಣ್ವದ ವಂಶವಾಹಿಯಲ್ಲಿ ಒಂದೆರಡು ಅಕ್ಷರ ಬದಲಾದರೆ ಸಾಕು, ಮದ್ದಿನ ಹಿಡಿತ ಸಡಿಲ. ಮಾತ್ರೆ ನುಂಗಿದಾಗಲೆಲ್ಲ ಮದ್ದಿಗೆ ಬಗ್ಗುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ.

ಇಲ್ಲಿ ಆಸ್ಟ್ರೇಲಿಯಾ ಹಿಡಿದ ದಾರಿ ಗಮನಿಸತಕ್ಕದ್ದು. ಸರ್ಕಾರದ ಸಹಾಯಧನದ ಔಷಧ ಯೋಜನೆಯಲ್ಲಿ ಸಿಪ್ರೊ ಬರೆಯಲು ವೈದ್ಯರಿಗೆ ಮೊದಲಿನಿಂದಲೂ ಕಟ್ಟುಪಾಡು ಇತ್ತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಆ ಗುಂಪಿನ ಮದ್ದು ಕೊಡಲು ಅನುಮತಿಯೇ ಸಿಗಲಿಲ್ಲ. ಫಲವಾಗಿ 2010ರ ಹೊತ್ತಿಗೂ ಅಲ್ಲಿ ಸಿಪ್ರೊಗೆ ಜಗ್ಗದ ಇ. ಕೋಲಿ ನೂರಕ್ಕೆ ಐದರ ಆಸುಪಾಸಿನಲ್ಲೇ ಇತ್ತು. ಭಾರತದಲ್ಲಿ ಅದೇ ಮಾತ್ರೆ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು. ಇಂದು ಇಲ್ಲಿನ ಆಸ್ಪತ್ರೆಗಳಲ್ಲಿ ಸಿಗುವ ಬಹುಪಾಲು ಇ. ಕೋಲಿಗೆ ಸಿಪ್ರೊ ನಾಟುವುದಿಲ್ಲ. ಹಲವು ಆ್ಯಂಟಿಬಯೊಟಿಕ್‌ಗಳನ್ನು ಔಷಧ ಮಾರಾಟ ನಿಯಮಗಳ ಎಚ್1 ಪಟ್ಟಿಗೆ ಸೇರಿಸಿ ಬಿಗಿ ಮಾಡಿದ್ದು 2014ರಿಂದೀಚೆಗೆ. ತಡವಾಯಿತು.

ಆದರೆ ಗಡಿಯ ಕಾವಲು ಬ್ಯಾಕ್ಟೀರಿಯಾಕ್ಕೆ ಲೆಕ್ಕಕ್ಕಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಒಂದು ಬ್ಯಾಕ್ಟೀರಿಯಾ ತನ್ನ ನಿರೋಧವನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಸೆಫಲೋಸ್ಪೊರಿನ್ ಗುಂಪಿನ ಆ್ಯಂಟಿಬಯೊಟಿಕ್‌ಗಳನ್ನು ಮುರಿಯುವ ಸಿಟಿಎಕ್ಸ್-ಎಂ-15 ಕಿಣ್ವ 1999ರ ದೆಹಲಿಯ ಮಾದರಿಗಳಲ್ಲಿ ಮೊದಲು ಪತ್ತೆಯಾಗಿ ಜಗತ್ತಿನಾದ್ಯಂತ ಹರಡಿತು. ಕೊನೆಯ ಆಸರೆಯಾದ ಕಾರ್ಬಪೆನೆಮ್‌ಗಳನ್ನೂ ಮುರಿಯುವ ಎನ್‌ಡಿಎಂ-1 ಕಿಣ್ವ ಗೊತ್ತಾದದ್ದು, ಭಾರತಕ್ಕೆ ಬಂದು ಸ್ವೀಡನ್‌ಗೆ ಮರಳಿದ್ದ ಭಾರತೀಯ ಮೂಲದ ರೋಗಿಯೊಬ್ಬರ ಮೂತ್ರದ ಸೋಂಕಿನಿಂದ. ವಿದೇಶ ಪ್ರವಾಸ ಮುಗಿಸಿ ಬಂದವರನ್ನು ಕ್ಯಾನ್‌ಬೆರಾದ ಸಂಶೋಧಕರು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಜನರ ಕರುಳಲ್ಲಿ ಮದ್ದಿಗೆ ಬಗ್ಗದ ಇ. ಕೋಲಿ ಇತ್ತು. ಹೊರಡುವ ಮುನ್ನ ಅದು ನೂರಕ್ಕೆ ಹತ್ತರಷ್ಟೂ ಇರಲಿಲ್ಲ.

ಸಿಡ್ನಿಯ ವಾಯವ್ಯದಲ್ಲೊಂದು, ಮೆಲ್ಬರ್ನ್‌ನ ಉತ್ತರದಲ್ಲೊಂದು ಎಪ್ಪಿಂಗ್ ಎಂಬ ಬಡಾವಣೆ ಇದೆ. ಎರಡರಲ್ಲೂ ಭಾರತೀಯ ಮೂಲದ ಕುಟುಂಬಗಳಿವೆ. ಮದುವೆಗೆ, ಬೇಸಿಗೆ ರಜೆಗೆ ತವರಿಗೆ ಬಂದು ಹೋಗುವ ಇಂಥ ಮನೆಗಳಿಗೆ ಈ ಅಧ್ಯಯನ ನೇರವಾಗಿ ಸಂಬಂಧಿಸಿದ್ದು. 2023ರಿಂದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಎರಡೂ ರಾಜ್ಯಗಳಲ್ಲಿ ತರಬೇತಿ ಪಡೆದ ಔಷಧಾಲಯದವರೇ ಹೆಂಗಸರ ಸರಳ ಮೂತ್ರದ ಸೋಂಕಿಗೆ ಮದ್ದು ಕೊಡುವ ವ್ಯವಸ್ಥೆ ಶುರುವಾಯಿತು. ಅನುಕೂಲ ದೊಡ್ಡದು. ಆದರೆ ಯಾವ ಮದ್ದು ನಾಟುತ್ತದೆಂದು ಖಚಿತವಾಗಿ ಹೇಳುವುದು ಮೂತ್ರದ ಕಲ್ಚರ್ ಮಾತ್ರ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ ಮದ್ದಿನ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು ರಾತ್ರಿ ಬಿಟ್ಟರೆ, ನಾಟುವ ಮದ್ದಿನ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಮೂಡುತ್ತದೆ. ಸೋತ ಮದ್ದಿನ ಬಿಲ್ಲೆಯ ಅಂಚಿನವರೆಗೂ ಬೂದು ಪದರ ಹಬ್ಬಿರುತ್ತದೆ.

ಬೆಂಗಳೂರಿಗೋ ಮೈಸೂರಿಗೋ ಇತ್ತೀಚೆಗೆ ಹೋಗಿ ಬಂದವರು ಉರಿಮೂತ್ರವೆಂದು ಹೋದಾಗ ಪ್ರವಾಸದ ವಿಷಯವನ್ನು ಮೊದಲೇ ಹೇಳಬೇಕು, ಕಲ್ಚರ್ ಬೇಕೇ ಎಂದು ಕೇಳಬೇಕು. ಊರಿನಿಂದ ತಂದಿಟ್ಟ ಮಾತ್ರೆಯನ್ನು ತಾವಾಗಿಯೇ ನುಂಗಬಾರದು.