ಹಬಲ್ ಚಿತ್ರಕ್ಕೆ ಬಣ್ಣ ಬಂದದ್ದು ಹೇಗೆ?

ಮಕ್ಕಳೇ, ಒಂದು ಟೊಮೆಟೊ, ಒಂದು ಹಸಿರೆಲೆ, ಒಂದು ತುಂಡು ಕೆಂಪು ಜಿಲೇಟಿನ್ ಕಾಗದ ತನ್ನಿ. ಕಾಗದವನ್ನು ಕಣ್ಣಿಗೆ ಅಡ್ಡ ಹಿಡಿದು ನೋಡಿ. ಟೊಮೆಟೊ ಬೆಳಗುತ್ತದೆ, ಎಲೆ ಕಪ್ಪಿಡುತ್ತದೆ! ಹಸಿರು ಕಾಗದ ಹಿಡಿದರೆ ಇದು ತಿರುಗುಮುರುಗು. ಕೆಂಪು ಕಾಗದ ಕೆಂಪು ಬೆಳಕನ್ನು ಬಿಟ್ಟು ಉಳಿದದ್ದನ್ನು ಬಹುಮಟ್ಟಿಗೆ ತಡೆಯುತ್ತದೆ. ಹೀಗೆ ಬೆಳಕನ್ನು ಸೋಸುವ ವಸ್ತುವೇ ಫಿಲ್ಟರ್.

1990ರಲ್ಲಿ ಆಕಾಶಕ್ಕೇರಿದ ಹಬಲ್ ದೂರದರ್ಶಕದ ಕೆಲಸ ನಡೆಯುವುದೂ ಫಿಲ್ಟರುಗಳಿಂದಲೇ. ಅದರ ಕ್ಯಾಮೆರಾ ಬೆಳಕು ಎಷ್ಟು ಬಿತ್ತು ಎಂದಷ್ಟೇ ಅಳೆಯುತ್ತದೆ. ಯಾವ ಬಣ್ಣದ್ದು ಎಂದು ಅದಕ್ಕೆ ತಿಳಿಯದು. ಆದ್ದರಿಂದ ಅದು ಕಳಿಸುವ ಚಿತ್ರಗಳೆಲ್ಲ ಕಪ್ಪು-ಬಿಳುಪು!

1995ರ ಏಪ್ರಿಲ್ 1ರಂದು ಹಬಲ್, ಸುಮಾರು 6500 ಜ್ಯೋತಿರ್ವರ್ಷ ದೂರದ ಈಗಲ್ ನೀಹಾರಿಕೆಯನ್ನು ನೋಡಿತು. ಅಲ್ಲಿ ಅನಿಲ ಮತ್ತು ದೂಳಿನ ಮೂರು ಭಾರಿ ಕಂಬಗಳಿವೆ. ಅವುಗಳೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಎಂಬ ವಿಜ್ಞಾನಿಗಳು ಮೂರು ಫಿಲ್ಟರುಗಳನ್ನು ಬಳಸಿದರು. ಒಂದರಲ್ಲಿ ಗಂಧಕದ ಬೆಳಕು, ಇನ್ನೊಂದರಲ್ಲಿ ಜಲಜನಕದ್ದು, ಮತ್ತೊಂದರಲ್ಲಿ ಆಮ್ಲಜನಕದ್ದು ಮಾತ್ರ ತೂರಿ ಬರುತ್ತಿತ್ತು.

ಈಗ ಬಂತು ತೊಡಕು. ಗಂಧಕದ ಆ ಬೆಳಕೂ ಕೆಂಪು, ಜಲಜನಕದ್ದೂ ಕೆಂಪು! ಎರಡಕ್ಕೂ ಕೆಂಪನ್ನೇ ಕೊಟ್ಟರೆ ಯಾವುದು ಯಾವುದೆಂದು ಗುರುತಿಸುವುದು ಹೇಗೆ? ವಿಜ್ಞಾನಿಗಳು ಕಾಮನಬಿಲ್ಲಿನ ಕ್ರಮವನ್ನು ಹಿಡಿದರು. ಕೆಂಪು ತುದಿಗೆ ಹೆಚ್ಚು ಹತ್ತಿರವಿರುವ ಗಂಧಕಕ್ಕೆ ಕೆಂಪು, ನಂತರದ ಜಲಜನಕಕ್ಕೆ ಹಸಿರು, ಕೊನೆಯ ಆಮ್ಲಜನಕಕ್ಕೆ ನೀಲಿ. ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರು. ಕೂದಲೆಳೆಯಷ್ಟು ಸರಿದರೂ ನಕ್ಷತ್ರಗಳಿಗೆ ಬಣ್ಣದ ಅಂಚು ಮೂಡುತ್ತದೆ. ಅಚ್ಚು ತಪ್ಪಿದ ಕ್ಯಾಲೆಂಡರಿನಲ್ಲಿ ಇದನ್ನು ನೀವೂ ಕಂಡಿರಬಹುದು.

ಜಲಜನಕ, ಆಮ್ಲಜನಕ ಎರಡೂ ಇರುವ ಕಡೆ ಚಿತ್ರದಲ್ಲಿ ನೀಲಿ-ಹಸಿರು ಮೂಡಿತು. ಬೆಳಕಿನ ಬೆರಕೆ ಬಣ್ಣದ ಪೆಟ್ಟಿಗೆಯ ಬೆರಕೆಯಂತಲ್ಲ. ಎರಡು ಟಾರ್ಚುಗಳಿಗೆ ಕೆಂಪು, ಹಸಿರು ಕಾಗದ ಕಟ್ಟಿ, ಕತ್ತಲೆ ಕೋಣೆಯ ಬಿಳಿ ಗೋಡೆಯ ಮೇಲೆ ಒಂದೇ ಕಡೆ ಬಿಡಿ. ಹಳದಿ ಬರುತ್ತದೆ!

ಹಾಗಾದರೆ ಹಬಲ್ ಚಿತ್ರ ಸುಳ್ಳೆ? ಹತ್ತಿರ ಹೋಗಿ ನೋಡಿದರೆ ನಮ್ಮ ಕಣ್ಣಿಗೆ ಆ ಬಣ್ಣಗಳು ಕಾಣುವುದಿಲ್ಲ, ನಿಜ. ಆದರೆ ಭೂಪಟದಲ್ಲಿ ಬೆಟ್ಟಕ್ಕೆ ಕಂದು, ಬಯಲಿಗೆ ಹಸಿರು ಬಳಿದಿರುವುದಿಲ್ಲವೆ? ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಇಲ್ಲಿಯೂ ಎಲ್ಲಿ ಎಷ್ಟು ಬೆಳಕಿದೆ ಎಂಬುದು ಕ್ಯಾಮೆರಾ ಅಳೆದದ್ದೇ. ಯಾವ ಅನಿಲ ಎಲ್ಲಿ ಹೊಳೆಯುತ್ತಿದೆ ಎಂದು ಬಣ್ಣ ತೋರಿಸಿಕೊಡುತ್ತದೆ.

ಈ ಚಿತ್ರ ಸಿಕ್ಕಾಗ ಮೇಲಿನ ಮೂಲೆಯನ್ನು ನೋಡಿ. ಅಲ್ಲಿ ಮೆಟ್ಟಿಲಿನಂತೆ ಕಪ್ಪು ಜಾಗವಿದೆ. ಕ್ಯಾಮೆರಾದ ನಾಲ್ಕು ಭಾಗಗಳಲ್ಲಿ ಒಂದು, ಚಿಕ್ಕ ಜಾಗವನ್ನು ಹೆಚ್ಚು ದೊಡ್ಡದಾಗಿ ತೋರಿಸುತ್ತಿತ್ತು. ಅದನ್ನು ಉಳಿದವುಗಳ ಅಳತೆಗೆ ಕುಗ್ಗಿಸಿದಾಗ ಸುತ್ತ ಖಾಲಿ ಉಳಿಯಿತು.