ಹಬ್ಬದ ಪಾಠ, ಆಟದ ಅಂಗಳ

‘ಹಬ್ಬ’ ಎಂಬುದು ಸಂಸ್ಕೃತದ ‘ಪರ್ವ’ ಶಬ್ದದ ತದ್ಭವ. ಪರ್ವವೆಂದರೆ ಗಿಣ್ಣು, ಸಂಧಿ. ಭದ್ರಾ ನಾಲೆಯ ಬಯಲಿನಲ್ಲಿ ಬೆಳೆಯುವ ಕಬ್ಬಿನ ಜಲ್ಲೆಗೆ ಗಿಣ್ಣು ಹೇಗೋ, ಸಂವತ್ಸರಕ್ಕೆ ಹಬ್ಬ ಹಾಗೆ. ಗಿಣ್ಣಿನಲ್ಲಿ ಜಲ್ಲೆ ಗಟ್ಟಿಗೊಳ್ಳುತ್ತದೆ; ಹೊಸ ಕುಡಿಯೊಡೆಯುವುದೂ ಗಿಣ್ಣಿನಲ್ಲಿಯೇ. ಇನ್ನು ‘ಆಟ’ ಎಂಬುದು ಅಚ್ಚಗನ್ನಡದ ‘ಆಡು’ ಧಾತುವಿನಿಂದ ಬಂದುದು. ಈ ಧಾತುವಿಗೆ ಕ್ರೀಡಿಸು ಎಂಬ ಅರ್ಥವೂ ಉಂಟು, ನುಡಿ ಎಂಬ ಅರ್ಥವೂ ಉಂಟು. ಎಳೆಯ ಮಕ್ಕಳ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದೇ ಆಗಿಬಿಡುತ್ತವೆ. ಆಡುವ ಮಗು ನುಡಿಯುತ್ತದೆ. ನುಡಿಯುತ್ತ ನುಡಿಯುತ್ತ ತಿಳಿಯುತ್ತದೆ. ಹಬ್ಬವನ್ನು ಆಟದ ಮೂಲಕ ಕಲಿಸಬೇಕೆಂಬ ಮಾತಿಗೆ ನಮ್ಮ ನುಡಿಯೇ ಹೀಗೆ ಸಾಕ್ಷಿಯಾಗಿದೆ.

ಹಿಂದೆ ಹಬ್ಬವನ್ನು ಶಾಲೆ ಕಲಿಸಬೇಕಾಗಿರಲಿಲ್ಲ. ತಾಯಿಯ ಸೆರಗು ಹಿಡಿದು, ಅಜ್ಜನ ಹೆಗಲೇರಿ ಮಗು ಅದನ್ನು ತಾನಾಗಿ ಕಲಿಯುತ್ತಿತ್ತು. ಇಂದು ಶಿವಮೊಗ್ಗೆಯ ಬಡಾವಣೆಗಳಲ್ಲಾಗಲಿ ಭದ್ರಾವತಿಯ ಕಾರ್ಮಿಕರ ವಸತಿಗಳಲ್ಲಾಗಲಿ ಹಟ್ಟಿಯಲ್ಲಿ ಎತ್ತಿಲ್ಲ, ಅಂಗಳದಲ್ಲಿ ಕಣವಿಲ್ಲ. ಚೈತ್ರ ಶುದ್ಧ ಪ್ರತಿಪದೆಯಂದು ಯುಗಾದಿ ಎಂದು ತಪ್ಪಿಲ್ಲದೆ ಬರೆಯುವ ಬಾಲಕನು ಬೇವಿನ ಹೂವನ್ನು ಕಣ್ಣಾರೆ ಕಂಡಿರುವುದಿಲ್ಲ. ಹೆಸರು ಉಳಿದು ಅನುಭವ ಅಳಿದರೆ, ಹಬ್ಬವೆಂಬುದು ರಜಾದಿನದ ಪಟ್ಟಿಯಲ್ಲಿನ ಒಂದು ಸಾಲಾಗುತ್ತದೆ.

ಆಟವೇ ಎಳೆಯರ ವಿದ್ಯೆಯೆಂಬ ವಿಚಾರ ಹೊಸತಲ್ಲ. ಜರ್ಮನಿಯ ಫ್ರೋಬೆಲ್ ಮಹಾಶಯನು 1837ರಲ್ಲಿ ತೆರೆದ ಶಿಶುಶಾಲೆಗೆ ಮುಂದೆ 1840ರಲ್ಲಿ ‘ಮಕ್ಕಳ ತೋಟ’ವೆಂಬ ಅರ್ಥದ ಹೆಸರಿಟ್ಟನು. ಗುಜರಾತಿನ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಬೆತ್ತದ ಬದಲು ಕಥೆ, ಆಟ, ಹಾಡುಗಳಿಂದ ಕಲಿಸಿ ತೋರಿಸಿದರು. ನಮ್ಮ ನಾಡಿನಲ್ಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ಯೂ, ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟೂ ಇದೇ ತತ್ತ್ವವನ್ನು ಒಪ್ಪಿವೆ. ತತ್ತ್ವಕ್ಕೆ ಕೊರತೆಯಿಲ್ಲ, ಅದನ್ನು ನಮ್ಮ ಮಣ್ಣಿನ ಹಬ್ಬಗಳಿಗೆ ಹೊಂದಿಸುವ ಬಗೆಯನ್ನು ಇಲ್ಲಿ ವಿವೇಚಿಸಬಹುದು.

ಶಾಲೆಯ ವರ್ಷ ತೊಡಗುವ ಹೊತ್ತಿಗೆ ಸಾಮಾನ್ಯವಾಗಿ ಕಾರಹುಣ್ಣಿಮೆ ಬರುತ್ತದೆ. ಅದು ಜ್ಯೇಷ್ಠ ಮಾಸದ ಹುಣ್ಣಿಮೆ. ಅಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಓಡಿಸುವರು. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಉತ್ತರದ ಜಿಲ್ಲೆಗಳಲ್ಲಿ ಅಂದು ಮನೆಮನೆಯಲ್ಲಿಯೂ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವರು. ಮಕ್ಕಳ ಕೈಗೆ ಹದವಾದ ಜೇಡಿಮಣ್ಣನ್ನು ಕೊಟ್ಟು ನೋಡಿರಿ. ಕಾಲು ನಾಲ್ಕು, ಕೊಂಬು ಎರಡು, ಬಾಲ ಒಂದು ಎಂದು ಎಣಿಕೆ ತಾನಾಗಿ ಬರುತ್ತದೆ. ನೊಗ, ಮೂಗುದಾರ, ಹಿಣಿಲು ಎಂಬ ಶಬ್ದಗಳು ವಸ್ತುವಿನೊಡನೆ ನಾಲಗೆಗೇರುತ್ತವೆ. ಮಳೆಗೆ ಮುನ್ನ ಎತ್ತಿಗೇಕೆ ಪೂಜೆಯೆಂಬ ಪ್ರಶ್ನೆಯನ್ನು ಮಗುವೇ ಕೇಳುತ್ತದೆ. ಉಪಾಧ್ಯಾಯನು ಉತ್ತರಿಸಿದರೆ ಸಾಕು.

ಹುಣ್ಣಿಮೆ ಅಮಾವಾಸ್ಯೆಗಳ ಜ್ಞಾನಕ್ಕೂ ಆಟವೇ ದಾರಿ. ರಾತ್ರಿ ಕಂಡ ಚಂದ್ರನನ್ನು ಮರುದಿನ ಮಕ್ಕಳು ಒಂದು ಹಾಳೆಯಲ್ಲಿ ಬರೆಯುತ್ತ ಹೋಗಲಿ. ತಿಂಗಳು ತುಂಬುವಷ್ಟರಲ್ಲಿ ಶುಕ್ಲಪಕ್ಷ ಕೃಷ್ಣಪಕ್ಷಗಳು ಕಣ್ಣಿಗೆ ಗೋಚರವಾಗುತ್ತವೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಸೌರಮಾನಕ್ಕೆ 365 ದಿನ. ಈ ಹನ್ನೊಂದು ದಿನಗಳ ಅಂತರವು ಕೂಡಿ ಬಂದಾಗ ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಸೇರುತ್ತದೆ. ಆದುದರಿಂದ ದೀಪಾವಳಿ ಹಿಂದುಮುಂದಾದರೂ ತನ್ನ ಋತುವನ್ನು ಬಿಡದು. ಇಸ್ಲಾಮೀ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ. ಆದುದರಿಂದ ರಂಜಾನ್ ವರ್ಷವರ್ಷವೂ ಸುಮಾರು ಹನ್ನೊಂದು ದಿನ ಮುಂಚಿತವಾಗಿ ಬಂದು ಎಲ್ಲ ಋತುಗಳಲ್ಲಿಯೂ ಸುತ್ತುತ್ತದೆ. ಸಂಕ್ರಾಂತಿ ಸೂರ್ಯನನ್ನು ಅನುಸರಿಸುವುದರಿಂದ ಜನವರಿಯ ನಡುವೆಯೇ ನಿಲ್ಲುತ್ತದೆ. ಎಳೆಯರಿಗೆ ಇದೆಲ್ಲ ಬೇಡ. ಆದರೆ ಕೇಳುವ ಮಗುವಿಗೆ ಹೇಳುವಷ್ಟು ಉಪಾಧ್ಯಾಯನಿಗೆ ತಿಳಿದಿರಬೇಕು.

ಮಲೆನಾಡಿಗೆ ಮೀಸಲಾದಂತಿರುವ ಹಬ್ಬ ಭೂಮಿ ಹುಣ್ಣಿಮೆ. ಆಶ್ವಯುಜದಲ್ಲಿ ಬತ್ತದ ಪೈರು ಹೊಡೆಗಟ್ಟುವಾಗ ಭೂಮಿತಾಯಿಯನ್ನು ಬಸುರಿಯೆಂದು ಭಾವಿಸಿ, ನಾನಾ ಸೊಪ್ಪುಗಳನ್ನು ಬೇಯಿಸಿ ಬೆಳಗಿನ ಜಾವದಲ್ಲಿ ಗದ್ದೆಗೆ ಬಯಕೆಯ ಊಟವನ್ನು ಬೀರುವರು. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಿಂದ ಚಿತ್ತಾರ ಬರೆಯುವರು. ಅದಕ್ಕೆ ಭೂಮಣ್ಣಿ ಬುಟ್ಟಿಯೆಂದು ಹೆಸರು. ಹಳೆಯ ರಟ್ಟಿಗೆ ಕೆಮ್ಮಣ್ಣು ಬಳಿದು ಗೆರೆಯೆಳೆಯುವುದು ಮಕ್ಕಳಿಗೆ ಆಟ. ಗೆರೆ, ಚೌಕ, ತ್ರಿಕೋನಗಳ ಪಾಠವೂ ಅದರಲ್ಲಿಯೇ ಅಡಗಿದೆ. ಹತ್ತು ಬಗೆಯ ಸೊಪ್ಪನ್ನು ತಂದು ಹೆಸರು ಹೇಳಿಸಿದರೆ ಸಸ್ಯಪರಿಚಯವೂ ಆಯಿತು.

ದೀಪಾವಳಿಯ ಇರುಳುಗಳಲ್ಲಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ಅಂಟಿಗೆ-ಪಿಂಟಿಗೆಯವರು ಹಾಡುತ್ತ ಮನೆಯಿಂದ ಮನೆಗೆ ಜ್ಯೋತಿಯನ್ನು ಒಯ್ಯುವರು. ಹಿಡಿದ ದೀಪ ನಂದಬಾರದು ಎಂಬುದೇ ಅಲ್ಲಿಯ ನಿಯಮ. ಶಾಲೆಯಲ್ಲಿ ಬೆಂಕಿಯ ಬದಲು ಹಣತೆಯ ತುಂಬ ನೀರು ತುಂಬಿ, ಒಂದು ಹನಿಯೂ ತುಳುಕದಂತೆ ಕೈಯಿಂದ ಕೈಗೆ ದಾಟಿಸುವ ಆಟವನ್ನು ಆಡಿಸಬಹುದು. ತಾನು ಪಡೆದುದನ್ನು ಜೋಪಾನವಾಗಿ ಮುಂದಿನವನಿಗೆ ಒಪ್ಪಿಸಬೇಕೆಂಬುದನ್ನು ಉಪದೇಶಕ್ಕಿಂತ ಈ ಆಟ ಚೆನ್ನಾಗಿ ಕಲಿಸುತ್ತದೆ.

ಭದ್ರಾವತಿಯ ಮಾತು ಬೇರೆ. 1918ರಲ್ಲಿ ತೊಡಗಿ 1923ರಲ್ಲಿ ಉತ್ಪಾದನೆಗೆ ಬಂದ ಕಬ್ಬಿಣದ ಕಾರ್ಖಾನೆಯೂ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ನಾನಾ ಭಾಷೆಗಳ ಜನರನ್ನು ಆ ಊರಿಗೆ ಕರೆತಂದವು. ಕಾಗದದ ಉತ್ಪಾದನೆ ನಿಂತು ವರ್ಷಗಳಾದವು. ಬಂದ ಜನ ಅಲ್ಲಿಯವರೇ ಆದರು. ಅಲ್ಲಿನ ತರಗತಿಯಲ್ಲಿ ಯುಗಾದಿಯ ಮಗುವಿನ ಪಕ್ಕದಲ್ಲಿ ಪೊಂಗಲ್ ಮನೆಯ ಮಗು, ಓಣಂ ಮನೆಯ ಮಗು, ರಂಜಾನಿನ, ಕ್ರಿಸ್‌ಮಸ್ಸಿನ ಮಗು ಕುಳಿತಿರುತ್ತವೆ. ಸಂಕ್ರಾಂತಿಯ ಎಳ್ಳುಬೆಲ್ಲವೂ ಪೊಂಗಲಿನ ಉಕ್ಕುವ ಹಾಲೂ ಒಂದೇ ಸೂರ್ಯನಿಗೆ ಸಂದ ಗೌರವವೆಂಬುದನ್ನು ಮಕ್ಕಳು ತಾವೇ ಕಂಡುಕೊಳ್ಳಬಲ್ಲರು. ಆಯುಧಪೂಜೆಯಂದು ನೇಗಿಲಿಲ್ಲದ ಮನೆಯ ಮಗು ತಂದೆಯ ಸ್ಪ್ಯಾನರನ್ನು ತಂದಿಟ್ಟರೆ, ಅನ್ನ ಕೊಡುವ ಉಪಕರಣಕ್ಕೆ ಕೈಮುಗಿಯುವುದೆಂಬ ಆ ಹಬ್ಬದ ತಿರುಳು ಕೆಡುವುದಿಲ್ಲ. ಕಾಯಕವನ್ನು ಕೈಲಾಸವೆಂದ ಶರಣರ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎಚ್ಚರದ ಮಾತೊಂದುಂಟು. ಬಾಡಿಗೆಯ ವೇಷ ತೊಡಿಸಿ, ರಂಗದ ಮೇಲೆ ನಿಲ್ಲಿಸಿ, ಪೋಷಕರಿಗೆ ತೋರಿಸುವ ಪ್ರದರ್ಶನವು ಆಟವಲ್ಲ. ಅಲ್ಲಿ ಹತ್ತು ಮಕ್ಕಳು ಆಡುವರು, ಐವತ್ತು ಮಕ್ಕಳು ನೋಡುವರು. ವೇಷಕ್ಕೆ ಹಣವಿಲ್ಲದ ಮನೆಯ ಮಗು ಹಿಂದೆ ನಿಲ್ಲುತ್ತದೆ. ಆಟದಲ್ಲಿ ನೋಡುವವರಿಲ್ಲ, ಎಲ್ಲರೂ ಆಡುವವರೇ. ಶಿವಮೊಗ್ಗೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬೆಯ ಜಾತ್ರೆಯನ್ನು ನೆನೆದು ಶಾಲೆಯ ಅಂಗಳದಲ್ಲಿ ಹುಸಿಜಾತ್ರೆ ನಡೆಸಲಿ. ಹುಣಿಸೆಬೀಜವೇ ನಾಣ್ಯ, ಎಲೆಯೇ ಬಟ್ಟಲು. ಒಂದು ಮಗು ಬಳೆಗಾರ, ಇನ್ನೊಂದು ಮಿಠಾಯಿಯವನು. ಖರ್ಚಿಲ್ಲ, ಕೂಡುವ ಕಳೆಯುವ ಲೆಕ್ಕ ಉಂಟು, ಹೊರಗುಳಿದ ಮಗು ಒಂದೂ ಇಲ್ಲ.

‘ನಮ್ಮ ಮನೆಯಲ್ಲಿ ಈ ಹಬ್ಬವಿಲ್ಲ’ ಎಂದು ತಲೆ ತಗ್ಗಿಸುವ ಮಗುವೊಂದು ಪ್ರತಿ ತರಗತಿಯಲ್ಲಿಯೂ ಇರುತ್ತದೆ. ಆ ಮಗುವನ್ನು ‘ನಿಮ್ಮ ಮನೆಯ ಹಬ್ಬ ಯಾವುದು, ನಮಗೆ ಆಡಿ ತೋರಿಸು’ ಎಂದು ಕೇಳುವ ಉಪಾಧ್ಯಾಯನು ಆ ದಿನ ಅತ್ಯಂತ ದೊಡ್ಡ ಪಾಠವನ್ನು ಮಾಡಿದವನಾಗುತ್ತಾನೆ. ಹಬ್ಬವು ಸಂವತ್ಸರದ ಗಿಣ್ಣಾದರೆ, ಎಳೆಯ ಪ್ರಾಯವು ಬಾಳಿನ ಮೊದಲ ಗಿಣ್ಣು. ಅಲ್ಲಿ ಒಡೆದ ಕುಡಿಯೇ ಮುಂದೆ ಜಲ್ಲೆಯಾಗಬೇಕು.