ಕಡಲ ಲೆಕ್ಕಕ್ಕೊಂದು ಜಗಲಿ ಶಾಲೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಭೂಭಾಗ ಕೇಪ್ ಕಾಡ್. ಅದರ ನೈಋತ್ಯ ಮೂಲೆಯ ಪುಟ್ಟ ಊರು ವುಡ್ಸ್ ಹೋಲ್. 1930ರಲ್ಲಿ ಇಲ್ಲಿ ಹುಟ್ಟಿಕೊಂಡ ಸಾಗರ ವಿಜ್ಞಾನ ಸಂಸ್ಥೆಯ ಹಡಗುಗಳು, ಆಳಸಮುದ್ರಕ್ಕಿಳಿಯುವ ಯಂತ್ರಗಳು ಜಗತ್ಪ್ರಸಿದ್ಧ. ಅದೇ ಸಂಸ್ಥೆಯ ಆವರಣದಲ್ಲಿ ವಾಲ್ಶ್ ಕಾಟೇಜ್ ಎಂಬ ಮರದ ಹಳೆಯ ಮನೆಯೊಂದಿದೆ. ಮನೆಗೊಂದು ಅಗಲವಾದ ಜಗಲಿ, ಒಳಗೆ ಕಪ್ಪುಹಲಗೆ, ಒಂದಷ್ಟು ಕುರ್ಚಿ. ಬೇಸಿಗೆ ಬಂತೆಂದರೆ ಸಾಗರದ ಗಣಿತವನ್ನು ಬಲ್ಲವರು ಮತ್ತು ಕಲಿಯಹೊರಟವರು ಇಲ್ಲಿಗೆ ಬಂದು ಸೇರುತ್ತಾರೆ.

ಈ ಕೂಟದ ಪೂರ್ಣ ಹೆಸರು ಭೂಭೌತಿಕ ದ್ರವ ಚಲನಶಾಸ್ತ್ರದ (ಜಿಯೋಫಿಸಿಕಲ್ ಫ್ಲೂಯಿಡ್ ಡೈನಮಿಕ್ಸ್) ಬೇಸಿಗೆ ಕಾರ್ಯಕ್ರಮ. ಬಳಗದವರ ಬಾಯಲ್ಲಿ ಬರೀ ‘ಜಿಎಫ್‌ಡಿ’. ಶುರುವಾದದ್ದು 1959ರಲ್ಲಿ. ತಿರುಗುತ್ತಿರುವ ಭೂಮಿಯ ಮೇಲೆ ನೀರು ಮತ್ತು ಗಾಳಿ ಹೇಗೆ ಚಲಿಸುತ್ತವೆ ಎಂಬುದು ಇದರ ಮೂಲ ಪ್ರಶ್ನೆ. ವಿಲೆಮ್ ಮಾಲ್ಕಸ್, ಜಾರ್ಜ್ ವೆರೋನಿಸ್, ಮೆಲ್ವಿನ್ ಸ್ಟರ್ನ್, ಲೂಯಿಸ್ ಹೊವರ್ಡ್, ಹೆನ್ರಿ ಸ್ಟೊಮೆಲ್ ಮುಂತಾದವರು ಆರಂಭದ ವರ್ಷಗಳಲ್ಲಿ ಇದನ್ನು ಕಟ್ಟಿ ಬೆಳೆಸಿದರು. ಸ್ಟೊಮೆಲ್ ಪಿಎಚ್.ಡಿ. ಪದವಿಯನ್ನೇ ಪಡೆದವರಲ್ಲ. ಆದರೂ ಸಾಗರಗಳ ಪಶ್ಚಿಮದ ಅಂಚಿನಲ್ಲೇ ಪ್ರವಾಹಗಳು ರಭಸವಾಗಿ ಹರಿಯುವುದೇಕೆ ಎಂಬುದನ್ನು 1948ರಲ್ಲಿ ಬಿಡಿಸಿಟ್ಟವರು ಅವರೇ. ಕಲಿಯುವವನ ಬಳಿ ಯಾವ ಪ್ರಮಾಣಪತ್ರವಿದೆ ಎನ್ನುವುದಕ್ಕಿಂತ ಅವನು ಏನು ಕೇಳುತ್ತಾನೆ ಎನ್ನುವುದಕ್ಕೆ ಈ ಮನೆಯಲ್ಲಿ ಹೆಚ್ಚು ಬೆಲೆ.

ಪ್ರತಿವರ್ಷ ಸುಮಾರು ಹತ್ತು ಮಂದಿ ಸಂಶೋಧನಾ ವಿದ್ಯಾರ್ಥಿಗಳನ್ನು ‘ಫೆಲೋ’ಗಳೆಂದು ಆರಿಸುತ್ತಾರೆ. ಯಾವ ದೇಶದವರಾದರೂ ಸರಿ; ಸಾಗರ ವಿಜ್ಞಾನವನ್ನೇ ಓದಿರಬೇಕೆಂದೂ ಇಲ್ಲ. ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ಕಡೆಯಿಂದಲೂ ಬರುತ್ತಾರೆ. ಕಾರ್ಯಕ್ರಮ ಹತ್ತು ವಾರಗಳದ್ದು. ಮೊದಲೆರಡು ವಾರ ಆ ವರ್ಷದ ಮುಖ್ಯ ವಿಷಯದ ಮೇಲೆ ಉಪನ್ಯಾಸ. 2006ರಲ್ಲಿ ಆ ವಿಷಯ ಹಿಮವಾಗಿತ್ತು, 2009ರಲ್ಲಿ ಅರೇಖೀಯ ಅಲೆಗಳು. ಉಪನ್ಯಾಸಗಳನ್ನು ಟಿಪ್ಪಣಿ ಮಾಡಿ, ತಿದ್ದಿ, ಓದಬಲ್ಲ ಅಧ್ಯಾಯಗಳನ್ನಾಗಿ ಬರೆದುಕೊಡುವ ಹೊಣೆ ಫೆಲೋಗಳದ್ದೇ.

ನಿಜವಾದ ಪರೀಕ್ಷೆ ಶುರುವಾಗುವುದು ಆಮೇಲೆ. ಪ್ರತಿ ವಿದ್ಯಾರ್ಥಿಯೂ ಅಲ್ಲಿ ನೆರೆದ ಹಿರಿಯರೊಂದಿಗೆ ಚರ್ಚಿಸಿ, ತನ್ನ ಪಿಎಚ್.ಡಿ.ಗೆ ಸಾಮಾನ್ಯವಾಗಿ ಸಂಬಂಧವಿಲ್ಲದ ಹೊಸ ಸಮಸ್ಯೆಯೊಂದನ್ನು ಎತ್ತಿಕೊಳ್ಳಬೇಕು. ಬೇಸಿಗೆ ಮುಗಿಯುವಷ್ಟರಲ್ಲಿ ಅದರ ಬಗ್ಗೆ ಎಲ್ಲರೆದುರು ನಿಂತು ಮಾತಾಡಬೇಕು, ವರದಿ ಬರೆಯಬೇಕು. ನಡುವೆ ಬಂದುಹೋಗುವ ವಿದ್ವಾಂಸರ ಉಪನ್ಯಾಸಗಳೂ ಇರುತ್ತವೆ. ಮಾತಿನ ಮಧ್ಯೆಯೇ ತಡೆದು ಪ್ರಶ್ನೆ ಕೇಳುವುದು ಇಲ್ಲಿ ಒರಟುತನವಲ್ಲ, ವಾಡಿಕೆ. ಪಾಠದ ಕೋಣೆಯಲ್ಲಿ ಬಗೆಹರಿಯದ ವಾದ ಜಗಲಿಗೆ ಬರುತ್ತದೆ. ಸಂಜೆ ಸಾಫ್ಟ್‌ಬಾಲ್. ಫೆಲೋಗಳ ತಂಡ ಊರಿನ ತಂಡಗಳ ಜೊತೆ ಆಡುವುದೂ ಹಳೆಯ ಸಂಪ್ರದಾಯ.

ಈ ಬಳಗದ ಯೋಚನಾಕ್ರಮ ತಿಳಿಯಬೇಕಾದರೆ ‘ಉಪ್ಪಿನ ಬೆರಳು’ಗಳ ಕಥೆ ಕೇಳಬೇಕು. ಬಿಸಿಯಾದ ಉಪ್ಪುನೀರು ಮೇಲೆ, ತಣ್ಣನೆಯ ಸಿಹಿನೀರು ಕೆಳಗೆ ಇದೆ ಎಂದುಕೊಳ್ಳಿ. ಬಿಸಿಯ ದೆಸೆಯಿಂದ ಮೇಲಿನ ನೀರು ಒಟ್ಟಾರೆ ಹಗುರವಾಗಿಯೇ ಇದ್ದರೆ ಎರಡೂ ತಮ್ಮ ಪಾಡಿಗೆ ಇರಬೇಕು. ಆದರೆ ನೀರಿನಲ್ಲಿ ಶಾಖ ಹರಡುವ ವೇಗ ಉಪ್ಪು ಹರಡುವ ವೇಗದ ಸುಮಾರು ನೂರು ಪಟ್ಟು. ಮೇಲಿನ ನೀರು ಒಂದಿಷ್ಟು ಕೆಳಗೆ ಜಾರಿತೆಂದರೆ ಅದರ ಬಿಸಿ ಬೇಗ ಬಿಟ್ಟುಹೋಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಹಾಗಾಗಿ ಅದು ಸುತ್ತಲಿನ ನೀರಿಗಿಂತ ಭಾರವಾಗಿ ಇನ್ನೂ ಕೆಳಗಿಳಿಯುತ್ತದೆ. ಪಕ್ಕದಲ್ಲೇ ಸಿಹಿನೀರು ಬಿಸಿ ಹೀರಿಕೊಂಡು ಮೇಲೇರುತ್ತದೆ. ಸ್ಟೊಮೆಲ್ ಮತ್ತು ಸಂಗಡಿಗರು 1956ರಲ್ಲಿ ಇದೇ ತತ್ತ್ವದ ಮೇಲೆ, ಸಮುದ್ರಕ್ಕೆ ಕೊಳವೆ ಇಳಿಬಿಟ್ಟರೆ ತಾನಾಗಿ ಚಿಮ್ಮುವ ಕಾರಂಜಿಯೊಂದನ್ನು ಕಲ್ಪಿಸಿ, ಅದನ್ನು ಬರೀ ಕುತೂಹಲದ ಸಂಗತಿ ಎಂದಿದ್ದರು. ಕೊಳವೆಯ ಅಗತ್ಯವೇ ಇಲ್ಲ, ನೀರು ತಾನೇ ತೆಳುವಾದ ಬೆರಳುಗಳಾಗಿ ಇಳಿದು ಏರಬಲ್ಲದು ಎಂದು ಸ್ಟರ್ನ್ 1960ರಲ್ಲಿ ತೋರಿಸಿದರು.

ಗಾಜಿನ ಪಾತ್ರೆಯಲ್ಲಿ ಬಣ್ಣ ಬೆರೆಸಿ ನೋಡಬಹುದಾದ ಈ ಆಟ ಕಡಲಲ್ಲೂ ನಡೆಯುತ್ತದೆ. ಬಾರ್ಬಡೋಸ್ ದ್ವೀಪದ ಪೂರ್ವಕ್ಕೆ, ಅಟ್ಲಾಂಟಿಕ್‌ನ ಆಳದಲ್ಲಿ ಉಷ್ಣಾಂಶವೂ ಲವಣಾಂಶವೂ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಆ ಮೆಟ್ಟಿಲುಗಳ ಹಿಂದಿರುವುದು ಸೆಂಟಿಮೀಟರುಗಳಷ್ಟು ಅಗಲದ ಈ ಬೆರಳುಗಳೇ.

ದೊಡ್ಡದನ್ನು ಅರಿಯಲು ಚಿಕ್ಕದನ್ನು ಕಟ್ಟಿ ನೋಡುವ ಈ ದಾರಿ ಜಿಎಫ್‌ಡಿಯ ಗುರುತು. ಸ್ಟೊಮೆಲ್ 1961ರಲ್ಲಿ ಇಡೀ ಸಾಗರದ ಬದಲಿಗೆ ಎರಡೇ ಪಾತ್ರೆ, ಅವನ್ನು ಸೇರಿಸುವ ಕೊಳವೆ ಇಷ್ಟನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರು. ಹೊರಗಿನ ಪರಿಸ್ಥಿತಿ ಒಂದೇ ಇದ್ದರೂ ಪ್ರವಾಹ ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ನೆಲೆಗೊಳ್ಳಬಹುದು ಎಂಬ ಉತ್ತರ ಬಂತು. ಹವಾಮಾನ ಬಿಸಿಯೇರುತ್ತಿರುವಾಗ ಅಟ್ಲಾಂಟಿಕ್‌ನ ಪ್ರವಾಹ ಹಠಾತ್ತನೆ ಕುಗ್ಗೀತೇ ಎಂಬ ಇಂದಿನ ಚರ್ಚೆಯ ಬೇರು ಆ ಪುಟ್ಟ ಲೆಕ್ಕದಲ್ಲಿದೆ. ಮಾಲ್ಕಸ್ ಮತ್ತು ಹೊವರ್ಡ್ ತೂತಿನ ಬಟ್ಟಲುಗಳನ್ನು ಕಟ್ಟಿದ ನೀರಿನ ಚಕ್ರವೊಂದನ್ನು ರೂಪಿಸಿದರು. ಮೇಲಿನಿಂದ ನೀರು ಒಂದೇ ಸಮ ಸುರಿಯುತ್ತಿದ್ದರೂ ಚಕ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಯಾವಾಗ ತಿರುವು ಬದಲಿಸೀತೆಂದು ಹೇಳಲಾಗದಂತೆ ಸುತ್ತುತ್ತದೆ. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1963ರಲ್ಲಿ ಬರೆದ, ಮುಂದೇನೆಂದು ಊಹಿಸಲಾಗದ ಚಲನೆಯ ಸಮೀಕರಣಗಳು ಅಲ್ಲಿ ಕಣ್ಣೆದುರು ತಿರುಗುತ್ತವೆ.

ನಮಗೂ ಈ ಲೆಕ್ಕಗಳಿಗೂ ಏನು ನಂಟು? ನಮ್ಮ ಎರಡು ಪಕ್ಕಗಳಲ್ಲಿ ಎರಡು ಬಗೆಯ ಕಡಲುಗಳಿವೆ. ಅರಬ್ಬಿ ಸಮುದ್ರದಲ್ಲಿ ಬೀಳುವ ಮಳೆಗಿಂತ ಆವಿಯಾಗುವ ನೀರೇ ಹೆಚ್ಚು, ಹಾಗಾಗಿ ಮೇಲ್ಪದರ ಉಪ್ಪುಪ್ಪು. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರದಂಥ ನದಿಗಳು ಸಿಹಿನೀರು ಸುರಿಯುತ್ತವೆ. ಅಲ್ಲಿ ತೆಳುವಾದ ಸಿಹಿನೀರ ಪದರ ಮೇಲೆ ತೇಲುತ್ತ, ಕೆಳಗಿನ ತಣ್ಣೀರು ಮೇಲೆ ಬರದಂತೆ ತಡೆಯುತ್ತದೆ. ಕಡಲಿನ ಮೈ ಬೆಚ್ಚಗಿರುತ್ತದೆ, ಮುಂಗಾರಿನ ಮೋಡಗಳಿಗೆ ಆಹಾರ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಬ್ರಿಟನ್ನಿನ ವಿಜ್ಞಾನಿಗಳೊಂದಿಗೆ 2016ರ ಮುಂಗಾರಿನಲ್ಲಿ ‘ಸಿಂಧು ಸಾಧನಾ’ ಹಡಗಿನಲ್ಲಿ ಕೊಲ್ಲಿಗೆ ಹೋದದ್ದು ಈ ಮೇಲ್ಪದರವನ್ನು ಅಳೆಯಲೆಂದೇ. ಉಪ್ಪು ಮತ್ತು ಶಾಖದ ಜಗಳ ನಮ್ಮ ಹೊಲದ ಮಳೆಯವರೆಗೂ ಬರುತ್ತದೆ.

ನಮ್ಮಲ್ಲೂ ಬೇಸಿಗೆ ಶಾಲೆಗಳು, ಕಾರ್ಯಾಗಾರಗಳು ಬೇಕಾದಷ್ಟು ನಡೆಯುತ್ತವೆ. ಆದರೆ ಹೆಚ್ಚಿನವು ಉಪನ್ಯಾಸ ಕೊಟ್ಟು, ಪ್ರಮಾಣಪತ್ರ ಹಂಚಿ ಮುಗಿಯುತ್ತವೆ. ವುಡ್ಸ್ ಹೋಲ್‌ನವರು ಉಪನ್ಯಾಸ ಮುಗಿದ ಮೇಲಿನ ಎಂಟು ವಾರಗಳಿಗೆ ದುಡ್ಡನ್ನೂ ಹಿರಿಯರ ಸಮಯವನ್ನೂ ಮೀಸಲಿಟ್ಟಿದ್ದಾರೆ. ಆರು ದಶಕ ದಾಟಿದರೂ ಈ ಕಾರ್ಯಕ್ರಮ ಸೊರಗದಿರುವ ಗುಟ್ಟು ಅಷ್ಟೇ ಎನಿಸುತ್ತದೆ. ಅಲ್ಲಿಗೆ ಹೋಗಲಾಗದವರಿಗೂ ಒಂದು ಬಾಗಿಲು ತೆರೆದಿದೆ: 1959ರಿಂದೀಚಿನ ಉಪನ್ಯಾಸ ಟಿಪ್ಪಣಿಗಳು, ಫೆಲೋಗಳ ವರದಿಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಧಾರವಾಡದಲ್ಲೋ ಮಂಗಳಗಂಗೋತ್ರಿಯಲ್ಲೋ ಎಂ.ಎಸ್ಸಿ. ಓದುತ್ತಿರುವವರು ಒಂದು ವರದಿಯನ್ನು ಆರಿಸಿಕೊಂಡು, ಅದರ ಲೆಕ್ಕವನ್ನು ಮೊದಲಿನಿಂದ ಮಾಡಿನೋಡಲಿ. ಅದಕ್ಕೆ ಪಾಸ್‌ಪೋರ್ಟ್ ಬೇಡ, ಒಂದು ಬೇಸಿಗೆ ರಜೆ ಸಾಕು.